ಹೆಡ್‌ಲೈಟ್ ಬೆಳಕು ಸಾಲದಿದ್ದರೆ ಏನು ಹಾಕಿಸಬೇಕು? ಒಂದೇ ಕಾರಿನಲ್ಲಿ ಐದು ದಾರಿ ನೋಡಿದ್ದೇನೆ

ಕಳೆದ ವರ್ಷ ಜೂನ್‌ನಲ್ಲಿ, ಬಾಳ್ಳುಪೇಟೆ ಹತ್ತಿರದ ನಮ್ಮೂರ ಒಳರಸ್ತೆಯಲ್ಲಿ, ಬದಿಗೆ ಕೆಟ್ಟು ನಿಂತಿದ್ದ ಒಂದು ಟ್ರಾಕ್ಟರ್ ಟ್ರೇಲರ್ ನನಗೆ ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಹಿಂದೆ ದೀಪ ಇಲ್ಲ, ಕೆಂಪು ಸ್ಟಿಕ್ಕರ್ ಕೂಡ ಇಲ್ಲ. ಬ್ರೇಕ್ ಹಾಕಿ ಬಲಕ್ಕೆ ಎಳೆದುಕೊಂಡೆ. ಎದುರಿಗೆ ಯಾವ ಗಾಡಿಯೂ ಇರಲಿಲ್ಲ, ಬಚಾವಾದೆವು. ಪಕ್ಕದಲ್ಲಿ ಅಪ್ಪ ಇದ್ದರು. ಮನೆ ಬರುವ ತನಕ ಮಾತಾಡಲಿಲ್ಲ. ಗೇಟು ತೆಗೆಯುವಾಗ "ಮೊದಲು ಆ ಲೈಟು ಸರಿ ಮಾಡಿಸಪ್ಪ" ಅಂದರು.

ನನ್ನದು 2013ರ ಚಿಕ್ಕ ಕಾರು. ಎಚ್4 ಹ್ಯಾಲೊಜೆನ್ ಬಲ್ಬ್, ಅಂದರೆ ಒಂದೇ ಬಲ್ಬಿನಲ್ಲಿ ಉರಿಯುವ ತಂತಿ (ಫಿಲಮೆಂಟ್) ಎರಡು, ಹೈ ಬೀಮಿಗೆ (ದೂರದ ಬೆಳಕು) 60 ವ್ಯಾಟ್, ಲೋ ಬೀಮಿಗೆ (ಹತ್ತಿರದ, ತಗ್ಗಿದ ಬೆಳಕು) 55 ವ್ಯಾಟ್. ನಮ್ಮಲ್ಲಿ ಓಡುವ ಹಳೇ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ಇರುತ್ತದೆ. ಹಾಗಾಗಿ ನಾನು ನೋಡಿದ್ದು ನಿಮಗೂ ಉಪಯೋಗಕ್ಕೆ ಬರಬಹುದು. ಪ್ರೊಜೆಕ್ಟರ್ (ಬಲ್ಬಿನ ಮುಂದೆ ಉಬ್ಬಿದ ಮಸೂರ ಇರುವ ಲೈಟು) ಅಥವಾ ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ಗಾಡಿಗಳ ಕಥೆ ಬೇರೆ.

ನೋಡುವುದಕ್ಕೆ ಒಂದು ಅಳತೆ ಬೇಕಲ್ವಾ? ಬಲ್ಬ್ ಹಾಕಿ ಗೋಡೆಗೆ ಬಿಟ್ಟು "ಸೂಪರ್" ಅಂದರೆ ಏನೂ ಗೊತ್ತಾಗುವುದಿಲ್ಲ. ಗದ್ದೆ ಬಯಲಿನ ನೇರ ರಸ್ತೆಯಲ್ಲಿ ಭಾವ ಒಂದು ಹಳೇ ಗೋಣಿಚೀಲ ಇಟ್ಟು ಬರುತ್ತಿದ್ದ, ಎಲ್ಲಿ ಅಂತ ನನಗೆ ಹೇಳುತ್ತಿರಲಿಲ್ಲ. ನಾನು ಲೋ ಬೀಮಿನಲ್ಲಿ ನಿಧಾನ ಬಂದು, ಚೀಲ ಕಂಡ ಕೂಡಲೇ ನಿಲ್ಲಿಸಿ, ಅಲ್ಲಿಂದ ಹೆಜ್ಜೆ ಎಣಿಸುತ್ತಿದ್ದೆ. ಪ್ರತಿ ಸಲವೂ ನಾಲ್ಕೈದು ಬಾರಿ. ಮೊದಲ ದಿನ ಬಂದಿದ್ದು 38 ಹೆಜ್ಜೆ. ಮೀಟರ್ ಲೆಕ್ಕದಲ್ಲಿ 28 ಅಂದುಕೊಳ್ಳಿ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ಕಣ್ಣಿಗೆ ಕಂಡು, ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಆ 17 ಮುಗಿದಿರುತ್ತದೆ. ಉಳಿದ 11 ಮೀಟರಿನಲ್ಲಿ ಯಾವ ಕಾರೂ ನಿಲ್ಲುವುದಿಲ್ಲ. ಅವತ್ತು ಟ್ರೇಲರ್ ಯಾಕೆ ಕಾಣಲಿಲ್ಲ ಅಂತ ಆಗ ಅರ್ಥವಾಯಿತು.

ಮೊದಲು ಹಾಕಿಸಿದ್ದು ಎಲ್‌ಇಡಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ 3,200 ರೂಪಾಯಿ ಕೊಟ್ಟೆ. ಹಾಕಿದ ರಾತ್ರಿ ನಿಜವಾಗಲೂ ಖುಷಿಯಾಯಿತು. ಬೆಳ್ಳಗೆ ಹಾಲಿನ ಹಾಗೆ ಬೆಳಕು, ರಸ್ತೆ ಬದಿಯ ಚರಂಡಿ, ಬೇಲಿ ಎಲ್ಲ ಕಾಣುತ್ತದೆ. ಕರೆಂಟೂ ಕಡಿಮೆ ಎಳೆಯುತ್ತದೆ. ಆದರೆ ಗೋಣಿಚೀಲ ಕಂಡಿದ್ದು 44 ಹೆಜ್ಜೆಗೆ! ಇಷ್ಟು ಬೆಳಕಿಗೆ ಬರೀ ಆರು ಹೆಜ್ಜೆ ಜಾಸ್ತಿ. ಯಾಕೆ ಅಂದರೆ ಹತ್ತಿರದ ಹದಿನೈದು ಮೀಟರ್ ಟಾರು ಬೆಳ್ಳಗೆ ಹೊಳೆಯುತ್ತದೆ, ಅದನ್ನು ನೋಡಿ ಕಣ್ಣಿನ ಪಾಪೆ ಸಣ್ಣದಾಗುತ್ತದೆ, ದೂರದ ಕತ್ತಲು ಇನ್ನೂ ಕಪ್ಪಾಗುತ್ತದೆ.

ಇನ್ನೊಂದು ಕಾರಣ ಲೈಟಿನ ಒಳಗೇ ಇದೆ. ಹಿಂದಿರುವ ಹೊಳೆಯುವ ಬಟ್ಟಲನ್ನು ಹ್ಯಾಲೊಜೆನ್ ತಂತಿಯ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ತಂತಿ ಕೂದಲಷ್ಟು ಆಚೀಚೆ ಆದರೂ ಬೆಳಕು ಬೇರೆ ಕಡೆ ಹೋಗುತ್ತದೆ. ಎಲ್‌ಇಡಿಯಲ್ಲಿ ಒಂದು ಪಟ್ಟಿಯ ಎರಡು ಮುಖಕ್ಕೆ ಬೆಳಕು ಕೊಡುವ ಸಣ್ಣ ಚಿಪ್ ಅಂಟಿಸಿರುತ್ತಾರೆ, ತಂತಿ ಇದ್ದ ಜಾಗಕ್ಕೆ ಅದು ಸರಿಯಾಗಿ ಬಂದು ಕೂರುವುದೇ ಕಷ್ಟ. ಚೆಲ್ಲಿದ ಬೆಳಕು ಎದುರಿನವನ ಕಣ್ಣಿಗೆ. ಮೊದಲ ವಾರದಲ್ಲೇ ಎಷ್ಟೋ ಜನ ಡಿಪ್ ಹೊಡೆದರು (ಬೆಳಕು ಇಳಿಸು ಅಂತ ಲೈಟು ಮಿಟುಕಿಸಿದರು), ನಾನು ಲೋ ಬೀಮಿನಲ್ಲೇ ಇದ್ದೆ. ಬೈಕಿನಲ್ಲಿ ಬರುತ್ತಿದ್ದ ಒಬ್ಬರು ಕೈ ಅಡ್ಡ ಹಿಡಿದುಕೊಂಡು ರಸ್ತೆಯಿಂದ ಇಳಿದೇ ಬಿಟ್ಟರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸ್ ಹಾಕಲು ಶುರು ಮಾಡಿದ್ದು ಸುಮ್ನೆ ಅಲ್ಲ.

ಎಲ್‌ಇಡಿ ಬೇಡ ಅಂತ ಪೂರ್ತಿ ಅನ್ನಿಸಿದ್ದು ಶಿರಾಡಿಯಲ್ಲಿ. ಮಾರನಹಳ್ಳಿಯಿಂದ ಗುಂಡ್ಯಕ್ಕೆ ಇಳಿಯುವಾಗ ಜೋರು ಮಳೆ, ಮಧ್ಯೆ ಮಧ್ಯೆ ಮಂಜು. ಬಿಳಿ ಬೆಳಕು ಮಂಜಿಗೆ ಬಡಿದು ವಾಪಸ್ ನನ್ನ ಕಣ್ಣಿಗೇ ಬರುತ್ತಿತ್ತು, ಒದ್ದೆ ಟಾರು ಬೆಳಕನ್ನು ನುಂಗಿದ ಹಾಗೆ, ರಸ್ತೆಯ ಬಿಳಿ ಗೆರೆ ಮಾಯ. ಮುಂದಿನ ಲಾರಿಯ ಕೆಂಪು ದೀಪ ಹಿಡಿದುಕೊಂಡು ಇಳಿದೆ. ಇದರ ಜೊತೆ ಬಲ್ಬಿನ ಹಿಂದಿನ ಫ್ಯಾನ್ ಉದ್ದ ಇದ್ದುದರಿಂದ ರಬ್ಬರ್ ಮುಚ್ಚಳ ಸರಿಯಾಗಿ ಕೂರದೆ ಲೈಟಿನ ಒಳಗೆ ನೀರಿನ ಹಬೆ ಕಟ್ಟಿತು. ಎಫ್‌ಎಂ ರೇಡಿಯೋ ಕೂಡ ಕರಕರ ಅನ್ನಲು ಶುರುವಾಗಿತ್ತು. ಎರಡು ತಿಂಗಳಿಗೆ ತೆಗೆದೆ.

ಆಮೇಲೆ 100/90 ವ್ಯಾಟಿನ ಹ್ಯಾಲೊಜೆನ್. ಜೋಡಿಗೆ 500 ರೂಪಾಯಿ ಕೂಡ ಆಗಲಿಲ್ಲ. 57 ಹೆಜ್ಜೆ ಬಂತು. ಆದರೆ ಹಳೇ ವೈರಿನಲ್ಲೇ ಹಾಕಿದ್ದೆ, ಹದಿನೈದು ದಿನಕ್ಕೆ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಇದನ್ನು ರಸ್ತೆಯ ಮೇಲೆ ಬಳಸುವ ಹಾಗೂ ಇಲ್ಲ, ಕೆಲವು ಡಬ್ಬಿಗಳ ಮೇಲೇ ಹಾಗೆ ಬರೆದಿರುತ್ತದೆ. ದಯವಿಟ್ಟು ಹಾಕಬೇಡಿ.

ಇಷ್ಟು ದುಡ್ಡು ಕಳೆದ ಮೇಲೆ ಹಾಸನದ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಬಲ್ಬಿನ ಮಾತೇ ಎತ್ತಲಿಲ್ಲ. ಗ್ಲಾಸ್ ಮೇಲೆ ಬೆರಳು ಎಳೆದು "ಇದು ಹಳದಿ ಆಗಿದೆ, ಇದರಿಂದ ಬೆಳಕು ಹೊರಗೆ ಹೇಗೆ ಬರ್ಬೇಕು?" ಅಂದರು. ನಾವು ಗ್ಲಾಸ್ ಅನ್ನುತ್ತೇವೆ, ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಮೇಲಿನ ಲೇಪ ಬಿಸಿಲಿಗೆ ಹೋದರೆ ಮಬ್ಬಾಗುತ್ತದೆ. ವಾಟರ್ ಪೇಪರ್ (ಉಜ್ಜುವ ಕಾಗದ, ನಂಬರ್ ಜಾಸ್ತಿಯಾದಷ್ಟೂ ನುಣುಪು) 800, ಆಮೇಲೆ 1500, ಆಮೇಲೆ 2000, ನೀರು ಹಾಕುತ್ತಾ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಬಿಸಿಲು ತಡೆಯುವ ಲೇಪ ಹೊಡೆದರು. ಆ ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಕೇಳಿ ಹೊಡೆಸಿಕೊಳ್ಳಿ. ಮೊದಲಿದ್ದ ಕಂಪನಿ ಬಲ್ಬನ್ನೇ ವಾಪಸ್ ಹಾಕಿದಾಗ 47 ಹೆಜ್ಜೆ. ಎಲ್‌ಇಡಿಗಿಂತ ಜಾಸ್ತಿ, ಖರ್ಚು 600.

ಆಮೇಲೆ ಮಲ್ಟಿಮೀಟರ್ ಹಿಡಿದರು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 12.2. ಉಳಿದದ್ದು ಸಣ್ಣ ವೈರು, ಹಳೇ ಸ್ವಿಚ್ಚು, ತುಕ್ಕು ಹಿಡಿದ ಅರ್ತ್ ಇವುಗಳಲ್ಲೇ ಹೋಗುತ್ತಿತ್ತು. ಹ್ಯಾಲೊಜೆನ್ನಿಗೆ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ. 30 ಇಳಿಯುತ್ತದೆ. ಇಷ್ಟು ವರ್ಷ ನಾನು ಬಲ್ಬನ್ನು ಬೈದುಕೊಂಡು ಓಡಿಸಿದ್ದೆ! ರಿಲೇ ವೈರಿಂಗ್ ಕಿಟ್ ಹಾಕಿದರು, ಅಂದರೆ ಬ್ಯಾಟರಿಯಿಂದ ನೇರ ದಪ್ಪ ವೈರು, ಮಧ್ಯೆ ಫ್ಯೂಸು, ಎರಡು ರಿಲೇ, ಪಿಂಗಾಣಿ ಹೋಲ್ಡರ್. ಸ್ವಿಚ್ಚು ಈಗ ರಿಲೇಗೆ ಸನ್ನೆ ಮಾತ್ರ ಕೊಡುತ್ತದೆ, ಪೂರ್ತಿ ಕರೆಂಟ್ ಅದರೊಳಗೆ ಹರಿಯುವುದಿಲ್ಲ. ಕೂಲಿ ಸೇರಿ 1,700. ಹೋಲ್ಡರಿನಲ್ಲಿ 13.7 ವೋಲ್ಟ್ ಬಂತು. ಅದೇ 60/55 ಬಲ್ಬು, 63 ಹೆಜ್ಜೆ.

ಕೊನೆಗೆ ಅದೇ ವ್ಯಾಟಿನ, ಜಾಸ್ತಿ ಬೆಳಕಿನ ಒಳ್ಳೇ ಹ್ಯಾಲೊಜೆನ್ ಹಾಕಿ ನೋಡಿದೆ. 69 ಬಂತು. ವ್ಯತ್ಯಾಸ ಇದೆ, ಆದರೆ ಇವುಗಳ ತಂತಿ ಹೆಚ್ಚು ಕಾಯುವುದರಿಂದ ಬೇಗ ಹೋಗುತ್ತವೆ, ಬೆಲೆಯೂ ಜಾಸ್ತಿ. ವಾರಕ್ಕೆ ಎರಡು ಮೂರು ರಾತ್ರಿ ಘಾಟಿ ಇಳಿಯುವವರಿಗೆ ಸರಿ, ಉಳಿದವರಿಗೆ ಬೇಕಿಲ್ಲ. ನೀಲಿ ಬಣ್ಣ ಬಳಿದ ಬಲ್ಬ್ ಮಾತ್ರ ತರಬೇಡಿ, ಆ ಬಣ್ಣವೇ ಬೆಳಕನ್ನು ತಡೆಯುತ್ತದೆ. ಯಾವುದೇ ಹ್ಯಾಲೊಜೆನ್ ಹಾಕುವಾಗಲೂ ಗಾಜಿಗೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡು ಇದ್ದ ಕಡೆ ಕಾದು ಬಲ್ಬ್ ಬೇಗ ಹಾಳಾಗುತ್ತದೆ.

ಇದೆಲ್ಲ ಆದ ಮೇಲೆ ಲೈಟಿನ ಎತ್ತರ ಸರಿ ಮಾಡಿಸಲೇಬೇಕು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿದರೆ, ಲೋ ಬೀಮಿನ ಮೇಲಿನ ಅಂಚು ಲೈಟಿನ ಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲೆ ಏರಬೇಕು. ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದರೆ ಮೂತಿ ಮೇಲೆದ್ದು ಲೆಕ್ಕ ತಪ್ಪುತ್ತದೆ, ಸ್ಟಿಯರಿಂಗ್ ಹತ್ತಿರ 0, 1, 2 ಅಂತ ಒಂದು ಸಣ್ಣ ಚಕ್ರ ಇರುತ್ತದಲ್ಲ, ಅದನ್ನು ತಿರುಗಿಸಿ ಇಳಿಸಿಕೊಳ್ಳಿ. ನಾನು ಈಗ ಅಪ್ಪ ಅಮ್ಮ ಎಲ್ಲ ಕೂತಾಗ 2ಕ್ಕೆ ಇಡುತ್ತೇನೆ. ಈ ಮಳೆಗಾಲದಲ್ಲಿ ಶಿರಾಡಿ ಮೂರು ಸಲ ಇಳಿದೆ, ಬಿಳಿ ಗೆರೆ ಉದ್ದಕ್ಕೂ ಕಾಣುತ್ತಿತ್ತು, ಎದುರಿನಿಂದ ಯಾರೂ ಡಿಪ್ ಹೊಡೆಯಲಿಲ್ಲ.