ಕೊಥ್ರೂಡ್‌ನ ಅಕ್ಕ ಹೆಣೆದುಕೊಟ್ಟ ಚಿಹಿರೊ

ಮಗಳಿಗೆ ಹತ್ತು ತುಂಬುವ ದಿನಕ್ಕೆ 'ಸ್ಪಿರಿಟೆಡ್ ಅವೇ' ಎಂಬ ಜಪಾನಿ ಅನಿಮೇಶನ್ ಸಿನಿಮಾದ ಹುಡುಗಿ ಚಿಹಿರೊಳ ಗೊಂಬೆ ಬೇಕಿತ್ತು. ನಾನು ಹೊಕ್ಕ ಆಟಿಕೆ ಅಂಗಡಿಗಳಲ್ಲೆಲ್ಲ ಎಲ್ಸಾ ಇದ್ದಳು, ಮೊವಾನಾ ಇದ್ದಳು, ಈಕೆ ಇಲ್ಲ. ಕೊನೆಗೆ ಪುಣೆಯ ನಮ್ಮ ವಾಕಡ್ ಸೊಸೈಟಿಯ ಕನ್ನಡ ಗೆಳತಿಯೊಬ್ಬಳು ಕೊಥ್ರೂಡ್‌ನಲ್ಲಿ ಕ್ರೋಶಾ ಗೊಂಬೆ ಹೆಣೆಯುವ ಧಾರವಾಡದ ಅಕ್ಕನ ನಂಬರು ಕೊಟ್ಟಳು. ಚಿಹಿರೊ, ಜೊತೆಗೆ 'ಕಿಕೀಸ್ ಡೆಲಿವರಿ ಸರ್ವಿಸ್' ಸಿನಿಮಾದ ಪುಟ್ಟ ಮಾಟಗಾತಿ ಕಿಕಿ, ಎರಡಕ್ಕೂ ಸೇರಿ 1,900 ರೂಪಾಯಿ. ಅರ್ಧ ಮುಂಗಡ.

ಫೋಟೊ ಕಳಿಸಿದರೆ ಅಕ್ಕನಿಗೆ ಸಾಕಾಗಲಿಲ್ಲ, ಎರಡೂ ಸಿನಿಮಾ ನೋಡಿಯೇ ದಾರ ಹಿಡಿದರು. "ರಾಣಿ ಗೊಂಬಿ ಆದ್ರ ಕಿರೀಟ ಇಟ್ರ ಮುಗೀತ್ರಿ. ಈಕಿ ನಮ್ಮ ಓಣ್ಯಾಗಿನ ಹುಡುಗಿ ಇದ್ದಂಗ ಇದಾಳ, ಏನ್ ಗುರುತು ಮಾಡ್ಲಿ?" ಎಂದು ಫೋನಿನಲ್ಲಿ ಕೇಳಿದರು. ನನಗೆ ಚಿಹಿರೊ ಇಷ್ಟವಾಗುವುದೇ ಅದಕ್ಕೆ. ನಿರ್ದೇಶಕ ಹಯಾವೊ ಮಿಯಾಝಾಕಿ 2001ರಲ್ಲಿ ಹತ್ತು ವರ್ಷದ ಹುಡುಗಿಯರಿಗಾಗಿಯೇ ಮಾಡಿದ ಸಿನಿಮಾ ಅದು. ಶುರುವಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಬಿದ್ದಿರುತ್ತಾಳೆ. ಆಮೇಲೆ ದೇವರುಗಳ ಸ್ನಾನದ ಮನೆಯಲ್ಲಿ ನೆಲ ಒರೆಸುತ್ತಾಳೆ, ಅನ್ನದ ಉಂಡೆ ತಿನ್ನುತ್ತ ಗಳಗಳ ಅಳುತ್ತಾಳೆ, ಬೊಗಸೆ ತುಂಬ ಬಂಗಾರ ಚಾಚಿದರೂ ಬೇಡ ಅನ್ನುತ್ತಾಳೆ.

ಕೆಲಸ ಕೊಡುವಾಗ ಆ ಸ್ನಾನದ ಮನೆಯ ಒಡತಿ, ಮಾಟಗಾತಿ ಯುಬಾಬಾ ಅವಳ ಹೆಸರು ಕಿತ್ತುಕೊಂಡು 'ಸೆನ್' ಅಂತ ಮಾಡುತ್ತಾಳೆ. ನನ್ನ ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದ್ದರು. ಇಪ್ಪತ್ಮೂರು ವರ್ಷ ಕರೆಸಿಕೊಂಡ ಹೆಸರು ಅವತ್ತಿಗೆ ಮುಗಿಯಿತು. ಆ ದೃಶ್ಯ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಗೊಂಬೆ ಎಂಟು ಇಂಚು. ಹಸಿರು ಪಟ್ಟೆಯ ಬಿಳಿ ಅಂಗಿ, ಗುಲಾಬಿ ಚಡ್ಡಿ, ಹಳದಿ ಬೂಟು ಎಲ್ಲವೂ ಸರಿಯಾಗಿವೆ. ಉಣ್ಣೆಯಲ್ಲ, ಹತ್ತಿಯ ದಾರ, ಹಾಗಾಗಿ ಪುಣೆಯ ಬೇಸಿಗೆಯಲ್ಲೂ ಮಗಳು ಅಪ್ಪಿಕೊಂಡು ಮಲಗುತ್ತಾಳೆ. ಜುಟ್ಟಿಗೆ ಕಟ್ಟುವ ನೇರಳೆ ದಾರವನ್ನು ಅಕ್ಕ ಹೆಣೆದಿರಲಿಲ್ಲ. ತರಲು ಹೋದಾಗ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಸೂಜಿ ಕೈಗೆ ಕೊಟ್ಟು, ಸರಪಳಿ ಹೊಲಿಗೆ ಕಲಿಸಿ ಅವಳಿಂದಲೇ ಹಾಕಿಸಿದರು. ಸಿನಿಮಾದಲ್ಲೂ ಅದು ಗೆಳೆಯರು ಸೇರಿ ನೇಯ್ದುಕೊಟ್ಟ ದಾರ.

ಕಿಕಿಯಲ್ಲಿ ಒಂದೆರಡು ಕೊರತೆ ಇವೆ. ಕೆಂಪು ಬೋ ಭಾರವಾಗಿ ತಲೆ ಹಿಂದಕ್ಕೆ ವಾಲುತ್ತದೆ. ಪೊರಕೆಯ ಬಿದಿರು ಕಡ್ಡಿ ವಾರದಲ್ಲೇ ಸಡಿಲವಾಯಿತು, ಅಕ್ಕ ದುಡ್ಡು ತೆಗೆದುಕೊಳ್ಳದೆ ಮತ್ತೆ ಅಂಟಿಸಿಕೊಟ್ಟರು. ಕಪ್ಪು ಬೆಕ್ಕು ಜಿಜಿ ಮಾತ್ರ ಮುದ್ದಾಗಿದೆ. ಆರ್ಡರು ನಾಲ್ಕು ದಿನ ತಡವೂ ಆಯಿತು, ಅದನ್ನು ನಾನು ದೂರು ಅನ್ನುವುದಿಲ್ಲ. 1989ರ ಆ ಸಿನಿಮಾದಲ್ಲಿ ಹದಿಮೂರರ ಕಿಕಿ ಊರಿಗೆಲ್ಲ ಸಾಮಾನು ಮುಟ್ಟಿಸಿ ಬದುಕುವವಳು. ಒಂದು ದಿನ ಹಾರುವುದೇ ನಿಂತುಹೋಗುತ್ತದೆ. ಆಗ ಚಿತ್ರ ಬರೆಯುವ ಗೆಳತಿ ಉರ್ಸುಲಾ, ತನಗೂ ಕೈ ಓಡದ ದಿನಗಳಿರುತ್ತವೆ, ಆಗ ಬರೆಯುವುದು ಬಿಟ್ಟು ಅಡ್ಡಾಡಿಕೊಂಡಿರುತ್ತೇನೆ ಅನ್ನುತ್ತಾಳೆ. ಗೆದ್ದುಬರುವ ನಾಯಕಿಯರು ಬೇಕಾದಷ್ಟು ಇದ್ದಾರೆ. ದಣಿದವಳಿಗೆ ಮಲಗಲು ಬಿಡುವ ಕಥೆ ಎಷ್ಟಿವೆ? ಅಕ್ಕನಿಗೂ ಅದೇ ಭಾಗ ಹಿಡಿಸಿತ್ತು. "ಬೆರಳು ನೋವಾದ ದಿನಾ ನಾನೂ ಸೂಜಿ ಕೆಳಗ ಇಡ್ತೀನ್ರಿ" ಅಂದರು.

ತೊಳೆಯುವವರು ತಣ್ಣೀರಿನಲ್ಲಿ ಕೈಯಿಂದಲೇ ತೊಳೆಯಿರಿ. ಮೊದಲ ಸಲ ಹಸಿರು ಸ್ವಲ್ಪ ಬಿಟ್ಟಿತು. ಹಬ್ಬದ ಹೊತ್ತಿಗೆ ಬೇಕಿದ್ದರೆ ತಿಂಗಳ ಮೊದಲೇ ಹೇಳಿಡಿ.

ನಾನು ಮುಂದಿನದಕ್ಕೂ ಮುಂಗಡ ಕೊಟ್ಟು ಬಂದಿದ್ದೇನೆ: ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ತಂಗಿ ಮೇಯಿಯನ್ನು ಬೆನ್ನಿಗೆ ಹಾಕಿಕೊಂಡು ಅಪ್ಪನಿಗಾಗಿ ಕಾಯುವ, ಮಿಯಾಝಾಕಿಯದೇ 'ಮೈ ನೇಬರ್ ಟೊಟೊರೊ' ಸಿನಿಮಾದ ಸತ್ಸುಕಿ. ಅಮ್ಮ ಆಸ್ಪತ್ರೆಯಲ್ಲಿರುವಾಗ ಎಲ್ಲರ ಬುತ್ತಿ ಕಟ್ಟುವ ಹುಡುಗಿ. ತಂಗಿಯನ್ನು ಬೆನ್ನಿಗೆ ಹೊಲಿಯಬೇಕೋ, ಇಳಿಸಲು ಬರುವಂತೆ ಬಿಡಬೇಕೋ ಎಂದು ಅಕ್ಕ ಕೇಳಿದರು. ಇಳಿಸಲು ಬರಲಿ ಅಂದೆ.