ಬೂಟ್ ಆಗದ ಹಳೆ ಎಕ್ಸ್‌ಪಿಗೆ ಸಿ.ಡಿ. ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲಿರುವ ಹಳೆ ಕಂಪ್ಯೂಟರ್ ಬೂಟ್ ಆಗುತ್ತಿಲ್ಲ, ವಿಂಡೋಸ್ ಎಕ್ಸ್‌ಪಿ ಸಿ.ಡಿ. ಎಲ್ಲೋ ಇದೆ, ಹುಡುಕಿ ಮತ್ತೆ ಇನ್‌ಸ್ಟಾಲ್ ಮಾಡಿಬಿಡೋಣ ಎಂದು ಎದ್ದಿದ್ದೀರಾ? ಹತ್ತು ನಿಮಿಷ ಕೂತುಕೊಳ್ಳಿ. ನಾನು ಕೂರಲಿಲ್ಲ. ಅಪ್ಪ ತೆಗೆದ ಫೋಟೋಗಳನ್ನು ತಿಂಗಳುಗಟ್ಟಲೆ ಸ್ಕ್ಯಾನ್ ಮಾಡಿ ಇಟ್ಟಿದ್ದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಕೆಟ್ಟಿದ್ದದ್ದು ಹಾರ್ಡ್ ಡಿಸ್ಕೂ ಅಲ್ಲ, ವಿಂಡೋಸೂ ಅಲ್ಲ. ಮದರ್‌ಬೋರ್ಡ್ ಮೇಲಿನ ಒಂದು ಬಟನ್ ಸೆಲ್.

ಆ ಸಿಸ್ಟಮ್ ಇಟ್ಟುಕೊಂಡಿದ್ದೇ ಒಂದು ಫಿಲ್ಮ್ ಸ್ಕ್ಯಾನರ್‌ಗಾಗಿ. ಎಕ್ಸ್‌ಪಿ ಆದಮೇಲೆ ಬಂದ ಯಾವ ವಿಂಡೋಸ್‌ಗೂ ಅದರ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಬರಲೇ ಇಲ್ಲ. ನೆಟ್ ಇಲ್ಲ, ಬೇರೆ ಕೆಲಸ ಇಲ್ಲ, ನೆಗೆಟಿವ್ ಹಾಕುವುದು, ಸ್ಕ್ಯಾನ್ ಮಾಡುವುದು, ಅಷ್ಟೇ. ಸುಮಾರು ಒಂದು ವರ್ಷ ಪ್ಲಗ್ ತೆಗೆದು ಬಟ್ಟೆ ಹೊದಿಸಿ ಇಟ್ಟಿದ್ದೆ. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ಎರಡು ಸಾಲು ಬಂದವು: "ಸಿಮಾಸ್ ಚೆಕ್‌ಸಮ್ ಎರರ್ – ಡಿಫಾಲ್ಟ್ಸ್ ಲೋಡೆಡ್". ಕೆಳಗೆ, ಮುಂದುವರಿಯಲು ಎಫ್1 ಒತ್ತಿ ಎಂದು. ಓದಿದೆ ಅಂತ ಹೇಳಲಾರೆ, ಕಣ್ಣು ಆಡಿಸಿದೆ. ಎಫ್1 ಒತ್ತಿದೆ.

ಮುಂದೆ ನಡೆದ ಅನಾಹುತಕ್ಕೆಲ್ಲ ಕಾರಣ ಆ ಮೊದಲ ಸಾಲಿನಲ್ಲೇ ಇತ್ತು. ಬೋರ್ಡ್ ತನ್ನ ಸೆಟ್ಟಿಂಗ್‌ಗಳನ್ನು ಸಿಮಾಸ್ ಎಂಬ ಸಣ್ಣ ಮೆಮೊರಿಯಲ್ಲಿ ನೆನಪಿಟ್ಟುಕೊಳ್ಳುವುದು ಆ ಸೆಲ್‌ನ ಬಲದಿಂದ. ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಅದು ಖಾಲಿಯಾದರೆ ಬೋರ್ಡ್ ಎಲ್ಲ ಮರೆತು ಕಾರ್ಖಾನೆಯಲ್ಲಿ ಕೊಟ್ಟ ಸೆಟ್ಟಿಂಗ್‌ಗೆ ಮರಳುತ್ತದೆ. ಗಡಿಯಾರ ಹಿಂದಕ್ಕೆ ಹೋಗುವುದು ಎಲ್ಲರಿಗೂ ಗೊತ್ತು. ಆದರೆ ಸಾಟಾ ಮೋಡ್ (ಬೋರ್ಡ್ ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಕೂಡ ಬದಲಾಗಬಹುದು ಅನ್ನುವುದು ನನಗೆ ಹೊಳೆಯಲೇ ಇಲ್ಲ. ನನ್ನ ಎಕ್ಸ್‌ಪಿ ಇನ್‌ಸ್ಟಾಲ್ ಆಗಿದ್ದು ಐಡಿಇ ಎಂಬ ಹಳೆ ಮೋಡ್‌ನಲ್ಲಿ. ಬೋರ್ಡ್‌ನ ಡಿಫಾಲ್ಟ್ ಎಎಚ್‌ಸಿಐ ಎಂಬ ಹೊಸ ಮೋಡ್. ಎಕ್ಸ್‌ಪಿ ಬಿಡುಗಡೆಯಾಗಿದ್ದು 2001ರ ಅಕ್ಟೋಬರ್ 25ಕ್ಕೆ, ಅದರ ಜೊತೆ ಎಎಚ್‌ಸಿಐ ಡ್ರೈವರ್ ಇಲ್ಲ. ಹಾಗಾಗಿ ಮೋಡ್ ಬದಲಾದ ಗಳಿಗೆಯಿಂದ ತಾನು ಕೂತಿರುವ ಡಿಸ್ಕೇ ಅದಕ್ಕೆ ಕಾಣುವುದಿಲ್ಲ.

ಹೊರಗಿನಿಂದ ನೋಡಿದರೆ ಹೀಗೆ: ಎಕ್ಸ್‌ಪಿ ಲೋಗೋ ಬರುತ್ತದೆ, ಕೆಳಗಿನ ಪಟ್ಟಿ ಒಂದೆರಡು ಸುತ್ತು ಓಡುತ್ತದೆ, ನೀಲಿ ಪರದೆ ಮಿಂಚಿ ಮಾಯ, ಮತ್ತೆ ಮೊದಲಿಂದ. ಕಣ್ಣು ಮಿಟುಕಿಸುವಷ್ಟೂ ಹೊತ್ತು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ದಾರಿ ಇದೆ. ಲೋಗೋ ಬರುವ ಮೊದಲೇ ಎಫ್8 ಒತ್ತುತ್ತಾ ಇದ್ದರೆ ಬರುವ ಮೆನುವಿನಲ್ಲಿ "ಸಿಸ್ಟಮ್ ಫೇಲ್ ಆದಾಗ ತಾನಾಗಿ ರೀಸ್ಟಾರ್ಟ್ ಆಗುವುದು ಬೇಡ" ಅನ್ನುವ ಅರ್ಥದ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ನೀಲಿ ಪರದೆ ನಿಂತು ಓದಿಸಿಕೊಳ್ಳುತ್ತದೆ. ಕೊನೆಯಲ್ಲಿ 7ಬಿ ಇರುವ ಸ್ಟಾಪ್ ಕೋಡ್ ಕಂಡರೆ, ವಿಂಡೋಸ್‌ಗೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂದರ್ಥ. ವಿಂಡೋಸ್ ಕೆಟ್ಟಿದೆ ಎಂದಲ್ಲ. ಇದೆಲ್ಲ ನಾನು ಕಲಿತದ್ದು ಕಳಕೊಂಡ ಮೇಲೆ.

ಆಗ ಮಾಡಿದ್ದು ಗೆಳೆಯನಿಗೆ ಫೋನ್. "ಓಎಸ್ ಕರಪ್ಟ್ ಆಗಿರತ್ತೆ ಕಣೋ, ಸಿ.ಡಿ. ಹಾಕಿ ರಿಪೇರಿ ಹೊಡಿ" ಅಂದ. ಅವನದೇನೂ ತಪ್ಪಿಲ್ಲ, ನಾನು ಹೇಳಿದ್ದು "ನೀಲಿ ಸ್ಕ್ರೀನ್ ಬರ್ತಿದೆ" ಅಂತ ಮಾತ್ರ. ಬೀರುವಿನ ತಳದಿಂದ ಒಂದು ಎಕ್ಸ್‌ಪಿ ಸಿ.ಡಿ. ಸಿಕ್ಕಿತು, ಅದಕ್ಕೂ ಹಿಂದಿನ ಕಂಪ್ಯೂಟರ್‌ನದು. ಹಾಕಿದೆ. ಫೈಲುಗಳನ್ನೆಲ್ಲ ಲೋಡ್ ಮಾಡಿಕೊಂಡು ಕೊನೆಗೆ, ಈ ಕಂಪ್ಯೂಟರ್‌ನಲ್ಲಿ ಹಾರ್ಡ್ ಡಿಸ್ಕೇ ಇಲ್ಲ ಎಂದು ಹೇಳಿ, ಎಫ್3 ಒತ್ತಿ ಹೊರಡು ಅಂದಿತು. ನನ್ನ ಎದೆ ಧಸಕ್ಕೆಂದಿತು. ಡಿಸ್ಕ್ ಹೋಯಿತು ಅಂದುಕೊಂಡೆ. ಕ್ಯಾಬಿನೆಟ್ ಬಿಚ್ಚಿದೆ, ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಡಿಸ್ಕ್‌ಗೆ ಕಿವಿ ಇಟ್ಟು ಕೇಳಿದೆ. ಸೊಗಸಾಗಿ ತಿರುಗುತ್ತಿತ್ತು. ಆ ಬಿಚ್ಚಾಟದಲ್ಲಿ ಸೆಲ್ ನನ್ನ ಕಣ್ಣೆದುರೇ ಇತ್ತು ಅನ್ನುವುದನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ರಾತ್ರಿಯೆಲ್ಲ ಓದಿ ಐಡಿಇ–ಎಎಚ್‌ಸಿಐ ವಿಷಯ ಪತ್ತೆ ಮಾಡಿದೆ. ಬೆಳಿಗ್ಗೆ ಬಯೋಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪುಟಗಳಿಗೆ) ಹೋಗಿ ಮೋಡ್ ಐಡಿಇ ಮಾಡಿ, ಎಫ್10 ಒತ್ತಿ ಸೇವ್ ಮಾಡಿದೆ. ಅಲ್ಲಿಗೆ ಸಮಸ್ಯೆ ಮುಗಿದಿತ್ತು. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಎಕ್ಸ್‌ಪಿ ತನ್ನ ಪಾಡಿಗೆ ಎದ್ದು ಬರುತ್ತಿತ್ತು. ಆದರೆ ಸಿ.ಡಿ. ಡ್ರೈವ್‌ನಲ್ಲೇ ಇತ್ತು. "ಪ್ರೆಸ್ ಎನಿ ಕೀ ಟು ಬೂಟ್ ಫ್ರಮ್ ಸಿಡಿ" ಎಂದು ಬಂದದ್ದೇ ತಡ, ನನ್ನ ಬೆರಳು ಸ್ಪೇಸ್ ಬಾರ್ ಒತ್ತಿ ಆಗಿತ್ತು. ಹಿಂದಿನ ದಿನವೆಲ್ಲ ಅದನ್ನೇ ಒತ್ತಿ ಒತ್ತಿ ರೂಢಿ.

ಈ ಸಲ ಡಿಸ್ಕ್ ಕಂಡಿತು. ಖುಷಿಗೆ ತಲೆ ನಿಲ್ಲಲಿಲ್ಲ. ಫೋಟೋ ಎಲ್ಲ ಡಿ ಡ್ರೈವ್‌ನಲ್ಲಿದೆ, ಸಿ ಹೋದರೆ ಹೋಗಲಿ, ಹೊಸದಾಗಿ ಹಾಕಿದರೆ ಚೊಕ್ಕಟವಾಗುತ್ತದೆ ಎಂದು ಸಿ ಫಾರ್ಮ್ಯಾಟ್ ಮಾಡಿದೆ. ಇಲ್ಲೊಂದು ಮಾತು: "ಡಾಟಾ ಎಲ್ಲ ಡಿ ಯಲ್ಲಿದೆ" ಅನ್ನುವುದು ನಮ್ಮಲ್ಲಿ ಬಹಳ ಜನರ ನಂಬಿಕೆ, ಪೂರ್ತಿ ನಿಜವಾಗುವುದು ಅಪರೂಪ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೆಲ್ಲ ಇರುವುದು ಸಿ ಯಲ್ಲಿ. ಮೈ ಡಾಕ್ಯುಮೆಂಟ್ಸ್ ಸಿ ಯಲ್ಲಿ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಪತ್ರಗಳು ಸಿ ಯೊಳಗೆ, ಅದೂ ಮುಚ್ಚಿಟ್ಟ ಫೋಲ್ಡರ್‌ಗಳ ಹೊಟ್ಟೆಯಲ್ಲಿ. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಯಾರಾದರೂ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದರೆ (ಅಂಥವುಗಳ ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತದೆ) ಅದರ ಕೀಲಿ ಕೂಡ ಸಿ ಯಲ್ಲೇ. ಕೀಲಿಯನ್ನು ಮೊದಲೇ ಬೇರೆ ಕಡೆ ತೆಗೆದಿಡದೆ ಸಿ ಅಳಿಸಿದರೆ, ಡಿ ಯಲ್ಲಿ ಆ ಫೈಲುಗಳು ಹಾಗೇ ಕೂತಿರುತ್ತವೆ, ತೆರೆಯುವುದಿಲ್ಲ. ಪುಣ್ಯಕ್ಕೆ ನನ್ನಲ್ಲಿ ಅಂಥವು ಇರಲಿಲ್ಲ. ನೆಗೆಟಿವ್‌ನ ಯಾವ ಚೌಕಟ್ಟಿನಲ್ಲಿ ಯಾವ ಫೋಟೋ ಎಂದು ಬರೆದಿಟ್ಟ ಪಟ್ಟಿ ಮಾತ್ರ ಡೆಸ್ಕ್‌ಟಾಪ್ ಮೇಲಿತ್ತು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಫಾರ್ಮ್ಯಾಟ್ ಮಾಡುವ ಮುಂಚಿನ ಪರದೆಯಲ್ಲಿ ಡಿಸ್ಕ್‌ನ ಅಳತೆ 1,31,000 ಚಿಲ್ಲರೆ ಎಂಬಿ ಎಂದು ತೋರಿಸುತ್ತಿತ್ತು. ನನ್ನದು 250 ಜಿಬಿ ಡಿಸ್ಕ್, ಅಲ್ಲಿ 2,38,000ದ ಮೇಲೆ ಕಾಣಬೇಕಿತ್ತು. ನೋಡಿದೆ, ವಿಚಿತ್ರ ಅನ್ನಿಸಿತು, ಮುಂದೆ ಹೋದೆ.

ಆ ಸಂಖ್ಯೆಯ ಹಿಂದಿನ ಲೆಕ್ಕ ಹೀಗಿದೆ. ಹಳೆಯ ಪದ್ಧತಿಯಲ್ಲಿ ಡಿಸ್ಕ್‌ನ ಪ್ರತಿ ಸೆಕ್ಟರ್‌ಗೆ (ಡಾಟಾ ಇಡುವ ಸಣ್ಣ ಖಾನೆಗೆ) ಕೊಡುವ ವಿಳಾಸ 28 ಬಿಟ್‌ಗಳದು. ಅಂದರೆ 26,84,35,456 ಸೆಕ್ಟರ್‌ಗಳು, ಒಂದೊಂದರಲ್ಲಿ 512 ಬೈಟ್. ಗುಣಿಸಿದರೆ ಸುಮಾರು 137 ಜಿಬಿ; ಪರದೆ ತೋರಿಸುವ ಎಂಬಿ ಲೆಕ್ಕದಲ್ಲಿ ಅದೇ 1,31,000 ಚಿಲ್ಲರೆ. ಅದರಾಚೆ ಹೋಗಲು 48 ಬಿಟ್ ವಿಳಾಸ ಬೇಕು. ಎಕ್ಸ್‌ಪಿಗೆ ಅದು ಬಂದದ್ದು 2002ರ ಸರ್ವಿಸ್ ಪ್ಯಾಕ್ 1 ಎಂಬ ತಿದ್ದುಪಡಿಗಳ ಕಟ್ಟಿನಲ್ಲಿ. ಡಿಸ್ಕ್‌ನಲ್ಲಿ ಮೊದಲಿದ್ದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3, ಅದಕ್ಕೆ ಇಡೀ 250 ಜಿಬಿ ಕಾಣುತ್ತಿತ್ತು. ಬೀರುವಿನಿಂದ ತೆಗೆದ ಸಿ.ಡಿ. ಯಾವ ಪ್ಯಾಕೂ ಇಲ್ಲದ ಮೊದಲ ಆವೃತ್ತಿ. ನನ್ನ ಡಿ ಡ್ರೈವ್ ಆ 137ರ ಗೆರೆಯ ಎರಡೂ ಕಡೆ ಚಾಚಿಕೊಂಡಿತ್ತು. ಗೆರೆಯಾಚೆಗಿನ ವಿಳಾಸ ಕೇಳಿದಾಗ ಹಳೆ ಎಕ್ಸ್‌ಪಿಗೆ ಸಂಖ್ಯೆಯ ತಲೆ ಕತ್ತರಿಸಿಹೋಗಿ, ಅದು ಡಿಸ್ಕ್‌ನ ಆರಂಭದ ಕಡೆ ಎಲ್ಲೋ ಹೋಗಿ ಕೈ ಹಾಕುತ್ತದೆ. ಓಡೋಮೀಟರ್ 99999 ಆದಮೇಲೆ ಸೊನ್ನೆಗೆ ಮರಳುತ್ತದಲ್ಲ, ಹಾಗೆ. ಓದಿದರೆ ಯಾರದೋ ಡಾಟಾ ಬರುತ್ತದೆ. ಬರೆದರೆ ಯಾರದೋ ಮೇಲೆ ಬರೆಯುತ್ತದೆ.

ಹೊಸ ಎಕ್ಸ್‌ಪಿ ಎದ್ದು ಬಂತು. ಡಿ ತೆರೆದೆ, ಫೋಲ್ಡರ್‌ಗಳೆಲ್ಲ ಇದ್ದವು. ಅಕ್ಕ ಫೋನ್ ಮಾಡಿ "ಸರಿ ಹೋಯ್ತೇನೋ?" ಅಂದಾಗ "ಎಲ್ಲ ಸರಿಯಾಯ್ತಕ್ಕ" ಅಂದೆ. ಎರಡನೇ ಸಲ ಬೂಟ್ ಆಗುವಾಗ, ಡಿಸ್ಕ್ ಪರಿಶೀಲಿಸಬೇಕು, ಬೇಡವಾದರೆ ಹತ್ತು ಸೆಕೆಂಡ್‌ನೊಳಗೆ ಯಾವುದಾದರೂ ಕೀ ಒತ್ತಿ ಎಂದು ಎಣಿಕೆ ಶುರುವಾಯಿತು. ಹತ್ತು, ಒಂಬತ್ತು, ಎಂಟು. ಬೇಡದ ಕಡೆ ಒತ್ತಿದ ಬೆರಳು ಇಲ್ಲಿ ಸುಮ್ಮನಿತ್ತು. ಚೆಕ್ ಡಿಸ್ಕ್ ಓಡಿತು. ಇಂಡೆಕ್ಸ್ ಎಂಟ್ರಿ ಅಳಿಸಲಾಗುತ್ತಿದೆ, ಅನಾಥ ಫೈಲ್ ಮರಳಿಸಲಾಗುತ್ತಿದೆ ಎಂಬ ಸಾಲುಗಳು ಸರಸರ ಮೇಲೇರುತ್ತಿದ್ದವು. ರಿಪೇರಿ ಆಗುತ್ತಿದೆ ಎಂದು ನೆಮ್ಮದಿಯಿಂದ ನೋಡುತ್ತಾ ಕೂತಿದ್ದೆ. ಅದು ತಪ್ಪು ಜಾಗ ಓದಿ, ಅಲ್ಲಿ ಸಿಕ್ಕಿದ ಕಸವನ್ನೇ ಸತ್ಯ ಎಂದುಕೊಂಡು, ಸರಿಯಿದ್ದದ್ದನ್ನು "ತಿದ್ದುತ್ತಿತ್ತು". ಮುಗಿದ ಮೇಲೆ ನೋಡಿದರೆ ಹಲವು ಫೋಲ್ಡರ್‌ಗಳು ಖಾಲಿ. ಉಳಿದ ಕೆಲವು ಫೋಟೋಗಳಲ್ಲಿ ಮೇಲಿನ ಮೂರು ಬೆರಳಗಲ ಆಕಾಶ, ಅದರ ಕೆಳಗೆ ಬರೀ ಬೂದು ಬಣ್ಣ.

ಅಲ್ಲಿಗೆ ಬುದ್ಧಿ ಬಂದು ಪ್ಲಗ್ ಕಿತ್ತೆ. ಇಡೀ ಪ್ರಸಂಗದಲ್ಲಿ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅದು.

ಮೊದಲು ಏನು ಮಾಡಬೇಕಿತ್ತು? ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ, ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಬೂಟ್ ಮಾಡಿ, ಡಿಡಿ-ರೆಸ್ಕ್ಯೂ ಎಂಬ ಉಚಿತ ಸಾಧನದಿಂದ ಇಡೀ ಡಿಸ್ಕ್‌ನ ನಕಲು ತೆಗೆಯುವುದು. ಫೈಲುಗಳದ್ದಲ್ಲ, ಸೊನ್ನೆಯನೆಯ ಸೆಕ್ಟರ್‌ನಿಂದ ಕೊನೆಯವರೆಗೆ ಇಡೀ ಡಿಸ್ಕ್‌ನದು. ಮೂಲ ಯಾವುದು, ನಕಲು ಯಾವುದು ಎಂದು ಎರಡು ಸಲ ನೋಡಿಕೊಳ್ಳಿ, ಅಲ್ಲಿ ಅದಲುಬದಲಾದರೆ ನನ್ನ ಗತಿಗಿಂತ ಕಡೆ. ಹೊಸ ವಿಂಡೋಸ್‌ಗೆ ಸಿಕ್ಕಿಸಿದರೆ "ಸ್ಕ್ಯಾನ್ ಮಾಡಿ ಸರಿಪಡಿಸಲೇ", "ಇನಿಶಿಯಲೈಸ್ ಮಾಡಲೇ" ಎಂದು ಕೇಳಬಹುದು. ಎರಡಕ್ಕೂ ಬೇಡ ಅನ್ನಿ. ನಕಲು ಕೈಯಲ್ಲಿದ್ದರೆ ಆಮೇಲೆ ಎಷ್ಟು ಪ್ರಯೋಗ ಬೇಕಾದರೂ ಮಾಡಬಹುದು.

ಹೊಸದಾಗಿ ಇನ್‌ಸ್ಟಾಲ್ ಮಾಡಲೇಬೇಕಾದರೆ ಇನ್ನೊಂದು ಖಾಲಿ ಡಿಸ್ಕ್‌ಗೆ ಮಾಡಿ, ಹಳೆಯದರ ಕೇಬಲ್ ಕೈಯಾರೆ ಕಿತ್ತಿಟ್ಟು. ಸಿ.ಡಿ. ಮೇಲೆ ಸರ್ವಿಸ್ ಪ್ಯಾಕ್ 2 ಅಥವಾ 3 ಎಂದಿದೆಯೇ ನೋಡಿ. ಮೋಡ್ ಎಎಚ್‌ಸಿಐಯಲ್ಲೇ ಇರಲಿ ಅಂದರೆ, ಎಫ್6 ಒತ್ತಿ ಡ್ರೈವರ್ ಕೊಡಿ ಎನ್ನುತ್ತದೆ, ಅದೂ ಫ್ಲಾಪಿಯಲ್ಲಿ! ಫ್ಲಾಪಿ ಡ್ರೈವ್ ಇಲ್ಲದವರು ಐಡಿಇಗೆ ಬದಲಿಸಿಕೊಳ್ಳುವುದೇ ಸುಲಭ. ನೆಟ್‌ವರ್ಕ್ ಕೇಬಲ್ ಹಾಕಲೇಬೇಡಿ. ಮೊದಲ ಎಕ್ಸ್‌ಪಿಯಲ್ಲಿ ಫೈರ್‌ವಾಲ್ (ನೆಟ್‌ನಿಂದ ಬರುವ ದಾಳಿ ತಡೆಯುವ ಗೋಡೆ) ತಾನಾಗಿ ಆನ್ ಇರುವುದಿಲ್ಲ, ಅದು ಶುರುವಾದದ್ದು 2004ರ ಸರ್ವಿಸ್ ಪ್ಯಾಕ್ 2ರಿಂದ. 2003ರ ಬ್ಲಾಸ್ಟರ್ ವರ್ಮ್ (ತಾನಾಗಿ ಹರಡುವ ವೈರಸ್ಸಿನಂಥದ್ದು) ಯಾರೂ ಏನೂ ಕ್ಲಿಕ್ ಮಾಡದೆಯೇ ಒಳಗೆ ಬರುತ್ತಿತ್ತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಅಧಿಕೃತ ಬೆಂಬಲವೂ ನಿಂತಿತು.

ಬೂಟ್ ತೊಂದರೆ ಎಲ್ಲವೂ ಸೆಲ್‌ನಿಂದಲೇ ಅಂತಲ್ಲ. "ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್" (ವಿಂಡೋಸ್ ಎಬ್ಬಿಸುವ ಫೈಲ್ ಸಿಗುತ್ತಿಲ್ಲ) ಎಂದು ಬಂದರೆ ಮೊದಲು ಸಿಕ್ಕಿಸಿಟ್ಟ ಪೆನ್‌ಡ್ರೈವ್, ಒಳಗೆ ಮರೆತ ಫ್ಲಾಪಿ ತೆಗೆದು ನೋಡಿ. ಹ್ಯಾಲ್ ಎಂಬ ವಿಂಡೋಸ್ ಫೈಲ್ ಇಲ್ಲ ಎಂದರೆ ಎಷ್ಟೋ ಸಲ ಆ ಫೈಲ್ ಇದ್ದೇ ಇರುತ್ತದೆ, ವಿಂಡೋಸ್ ಎಲ್ಲಿದೆ ಎಂದು ಹೇಳುವ ಬೂಟ್ ಡಾಟ್ ಐಎನ್‌ಐ ಫೈಲ್ ತಪ್ಪು ಪಾರ್ಟಿಶನ್ (ಡಿಸ್ಕ್‌ನ ಭಾಗ) ತೋರಿಸುತ್ತಿರುತ್ತದೆ. ಇನ್ನು ಯಾರಾದರೂ "ಫಿಕ್ಸ್ ಎಂಬಿಆರ್ ಹೊಡಿ" (ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿರುವ ಮಾಸ್ಟರ್ ಬೂಟ್ ರೆಕಾರ್ಡನ್ನು ಮತ್ತೆ ಬರೆಯುವ ಕಮಾಂಡ್) ಅಂದರೆ ನಕಲು ತೆಗೆಯುವ ತನಕ ಹೊಡೆಯಬೇಡಿ. ಮಾಸ್ಟರ್ ಬೂಟ್ ರೆಕಾರ್ಡ್ ಮಾಮೂಲಿನಂತಿಲ್ಲ, ಮುಂದುವರಿದರೆ ಪಾರ್ಟಿಶನ್ ಟೇಬಲ್ ಹಾಳಾಗಬಹುದು ಎಂದು ಕೆಲವೊಮ್ಮೆ ಆ ಕಮಾಂಡೇ ಎಚ್ಚರಿಸುತ್ತದೆ. ಅದನ್ನೂ ನಾವು ಎಫ್1 ಓದಿದ ಹಾಗೇ ಓದುತ್ತೇವೆ.

ಸೆಲ್ ಬದಲಿಸುವುದು ಎರಡು ನಿಮಿಷದ ಕೆಲಸ. ಪವರ್ ಕೇಬಲ್ ಕಿತ್ತು, ಪಕ್ಕದ ಸಣ್ಣ ತಗಡಿನ ಕೊಂಡಿ ಸರಿಸಿದರೆ ಸೆಲ್ ಚಿಮ್ಮುತ್ತದೆ. ಹೊಸದರ ಪ್ಲಸ್ ಗುರುತು ಹಳೆಯದು ಇದ್ದ ಕಡೆಗೇ ಇರಲಿ. ಆದರೆ ಸೆಲ್ ಹಾಕಿದ ಮಾತ್ರಕ್ಕೆ ಹಳೆ ಸೆಟ್ಟಿಂಗ್ ಮರಳುವುದಿಲ್ಲ. ಸಾಟಾ ಮೋಡ್, ಬೂಟ್ ಕ್ರಮ, ದಿನಾಂಕ ಎಲ್ಲ ನಾವೇ ಕೂರಿಸಬೇಕು. ನಿಮ್ಮ ಹಳೆ ಸಿಸ್ಟಮ್ ಇವತ್ತು ಸರಿಯಾಗಿ ಓಡುತ್ತಿದ್ದರೆ ಬಯೋಸ್‌ನ ಒಂದೊಂದು ಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ಲಗ್ ಕಿತ್ತ ಮೇಲೆ ತೆಗೆದ ನಕಲಿನ ಮೇಲೆ ಫೋಟೋರೆಕ್ (ಕಳೆದುಹೋದ ಫೈಲು ಹುಡುಕಿ ತೆಗೆಯುವ ಸಾಧನ) ಓಡಿಸಿ ಒಂದಷ್ಟು ಚಿತ್ರಗಳನ್ನು ವಾಪಸು ಪಡೆದೆ. ಹೆಸರಿಲ್ಲ, ಫೋಲ್ಡರ್ ಇಲ್ಲ, ಎಫ್ ಅಕ್ಷರದ ಮುಂದೆ ಉದ್ದನೆಯ ಸಂಖ್ಯೆ ಅಷ್ಟೇ. ಯಾವ ಮದುವೆ, ಯಾರ ನಾಮಕರಣ ಎಂದು ಅಕ್ಕ ಒಂದೊಂದನ್ನೇ ನೋಡಿ ಹೇಳುತ್ತಾಳೆ, ನಾನು ಹೆಸರು ಹಾಕುತ್ತೇನೆ. ಉಳಿದವುಗಳ ನೆಗೆಟಿವ್ ಹುಡುಕಿ ಮತ್ತೆ ಸ್ಕ್ಯಾನ್ ಮಾಡುತ್ತಿದ್ದೇನೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಸಿಸ್ಟಮ್ ಈಗ ಇನ್ನೊಂದು ಡಿಸ್ಕ್‌ನಲ್ಲಿ ಸರ್ವಿಸ್ ಪ್ಯಾಕ್ 3ರ ಮೇಲೆ ಓಡುತ್ತಿದೆ. ಕ್ಯಾಬಿನೆಟ್‌ನ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ಸಾಟಾ ಮೋಡ್ ಐಡಿಇ, ಸೆಲ್ ಬದಲಿಸಿದ ತಾರೀಖು, ಕೆಳಗೆ ಕೆಂಪು ಇಂಕಿನಲ್ಲಿ "ಸಿ.ಡಿ. ಹಾಕಬೇಡ".