ಸ್ಟಾರ್ ಟ್ರ್ಯಾಕರ್, ಎರಡು ಬೇಸಿಗೆ ಆದ್ಮೇಲೆ: ನಮ್ ಕಡೆ ಧ್ರುವ ನಕ್ಷತ್ರ ತುಂಬಾ ಕೆಳಗಿದೆ

ಈ ಟ್ರ್ಯಾಕರ್ ಎಷ್ಟು ಕೆಜಿ ಹೊರುತ್ತೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅನ್ನೋದೆಲ್ಲಾ ಬಾಕ್ಸ್ ಮೇಲೇ ಇದೆ, ಅದನ್ನ ಬಿಡ್ತೀನಿ. ಯಾವ ಕಂಪನಿದು ಅಂತಾನೂ ಬರಿಯಲ್ಲ, ಯಾಕಂದ್ರೆ ನಾನು ಹೇಳೋ ತೊಂದ್ರೆ ನಮ್ಮ ಅಕ್ಷಾಂಶದಲ್ಲಿ ಈ ಥರದ ಚಿಕ್ಕ ಟ್ರ್ಯಾಕರ್ ಇಟ್ಕೊಂಡಿರೋ ಸುಮಾರು ಜನಕ್ಕೆ ಬರುತ್ತೆ, ಆದ್ರೆ ಕೊಳ್ಳೋಕೆ ಮುಂಚೆ ಯಾರೂ ನಂಗೆ ಹೇಳಿರ್ಲಿಲ್ಲ.

ಟ್ರ್ಯಾಕರ್ ಮಾಡೋ ಕೆಲಸ ಒಂದೇ, ಭೂಮಿ ತಿರುಗೋ ವೇಗಕ್ಕೆ ಸರಿಯಾಗಿ ಕ್ಯಾಮೆರಾನ ಎದುರು ದಿಕ್ಕಿಗೆ ತಿರುಗಿಸೋದು, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು, ಆಗ ಶಟರ್ ತುಂಬಾ ಹೊತ್ತು ತೆರೆದಿಟ್ರೂ ಫೋಟೋದಲ್ಲಿ ನಕ್ಷತ್ರ ಗೆರೆ ಆಗಲ್ಲ. ಅದಕ್ಕೆ ಅದರ ಅಕ್ಷ ಆಕಾಶದ ಉತ್ತರ ಧ್ರುವಕ್ಕೆ ನೆಟ್ಟಗಿರಬೇಕು, ಅದಕ್ಕೆ ಗುರುತು ಅಲ್ಲೇ ಪಕ್ಕದಲ್ಲಿರೋ ಧ್ರುವ ನಕ್ಷತ್ರ. ಲಂಡನ್ನಲ್ಲಿ ಧ್ರುವ ನಕ್ಷತ್ರ 51 ಡಿಗ್ರಿ ಮೇಲಿರುತ್ತೆ, ಅಲ್ಲಿಯೋರು ಆರಾಮಾಗಿ ಬಗ್ಗಿ ಪೋಲಾರ್ ಸ್ಕೋಪಲ್ಲಿ (ಧ್ರುವಕ್ಕೆ ಗುರಿ ಇಡೋಕೆ ಟ್ರ್ಯಾಕರಲ್ಲಿರೋ ಪುಟ್ಟ ದೂರದರ್ಶಕ) ನೋಡ್ತಾರೆ. ಗುಡಿಬಂಡೆ ಹತ್ರ ನಮ್ಮ ಚಿಕ್ಕಪ್ಪನ ತೋಟದಲ್ಲಿ ಅದು 14 ಡಿಗ್ರಿಗೂ ಕೆಳಗೆ, ಕೈ ಚಾಚಿ ಮುಷ್ಟಿ ಹಿಡಿದ್ರೆ ಒಂದೂವರೆ ಮುಷ್ಟಿನೂ ಆಗಲ್ಲ. ಅಷ್ಟು ಕೆಳಗೆ ಕ್ರಷರ್ ಧೂಳು, ಬೇಸಿಗೆ ಮಬ್ಬು, ಗುಡ್ಡದ ಅಂಚು ಎಲ್ಲಾ ಅಡ್ಡ ಬರುತ್ತೆ, ಎಷ್ಟೋ ರಾತ್ರಿ ತಲೆ ಮೇಲೆ ನಕ್ಷತ್ರ ತುಂಬಿರುತ್ತೆ ಧ್ರುವ ಮಾತ್ರ ಕಾಣಲ್ಲ.

ಕಂಡ್ರೂ ಸಲೀಸಲ್ಲ. ಅಕ್ಷ ಎಷ್ಟು ಡಿಗ್ರಿ ಮೇಲಕ್ಕೆ ಅಂತ ಎತ್ತರ ಸೆಟ್ ಮಾಡೋ ಸ್ಕ್ರೂ ನಮ್ ಕಡೆ ಅದರ ಕೊನೇ ಸುತ್ತಿಗೆ ಬಂದು ನಿಂತಿರುತ್ತೆ, ಸರಿಯಾಗಿ ಕೂರಿಸಿ ಲಾಕ್ ಬಿಗಿ ಮಾಡಿದ್ರೆ ಒಂಚೂರು ಜರುಗುತ್ತೆ, ಆ ಒಂಚೂರು ಸಾಕು 135 ಎಂಎಂ ಲೆನ್ಸಲ್ಲಿ ಒಂದೊಂದು ನಕ್ಷತ್ರಾನೂ ಅಕ್ಕಿಕಾಳಿನ ಥರ ಉದ್ದ ಆಗೋಕೆ. ಅಕ್ಷ ಹೆಚ್ಚುಕಮ್ಮಿ ಮಲಗಿರೋದ್ರಿಂದ ಕೌಂಟರ್‌ವೇಟ್ (ಕ್ಯಾಮೆರಾ ತೂಕ ಸರಿದೂಗಿಸೋ ಭಾರ) ಕೆಳಗೆ ಬಂದಾಗ ಟ್ರೈಪಾಡ್ ಕಾಲಿಗೆ ಬೇರೆ ತಗಲುತ್ತೆ. ಮೊದಲನೇ ಬೇಸಿಗೆ ಪೂರ್ತಿ ಇದರಲ್ಲೇ ಹೋಯ್ತು, ನಿಜವಾಗ್ಲೂ ಮಾರಿಬಿಡೋಣ ಅನಿಸಿತ್ತು, ನನ್ನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಿಂತ ಜಾಸ್ತಿ ದುಡ್ಡು ಕೊಟ್ಟಿದ್ದೆ ಇದಕ್ಕೆ.

ಈಗ ಒಂದು ಪದ್ಧತಿ ಆಗಿದೆ. ಕತ್ತಲಾಗೋಕೆ ಮುಂಚೆ ಹೋಗಿ ಟ್ರೈಪಾಡಿನ ಒಂದು ಕಾಲು ಉತ್ತರಕ್ಕೆ ಮಾಡಿ ನೆಲಕ್ಕೆ ಒತ್ತಿ ಕೂರಿಸ್ತೀನಿ, ಟ್ರೈಪಾಡಿನ ಮೇಲೆ ಲೇತ್ ಅಂಗಡೀಲಿ ಮಾಡಿಸಿದ ಪೈಪು, ಪೈಪಿನ ಮೇಲೆ ಟ್ರ್ಯಾಕರ್, ಇದರಿಂದ ಕೌಂಟರ್‌ವೇಟ್ ಕಾಲಿಗೆ ತಗಲೋದು ನಿಂತೋಯ್ತು. ಪಕ್ಕದಲ್ಲಿ ಚಾಪೆ ಹಾಸಿರ್ತೀನಿ, ಪೋಲಾರ್ ಸ್ಕೋಪಿಗೆ ಮಂಡಿ ಊರಿನೇ ಕಣ್ಣಿಡಬೇಕು. ಲೆನ್ಸ್ ಮುಚ್ಚಳ ತೆಗೆದು ಹೊರಗಿನ ತಂಪಿಗೆ ಬಿಟ್ಟು ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದು ಬರೋಷ್ಟರಲ್ಲಿ ಮೊದಲ ನಕ್ಷತ್ರ ಬಂದಿರುತ್ತೆ. ಲೆನ್ಸ್ ಮುಂದೆ ಬಾಹ್ಟಿನೋವ್ ಮಾಸ್ಕ್ ಹಾಕಿ (ನಕ್ಷತ್ರಾನ ಮೂರು ಗೆರೆ ಥರ ತೋರ್ಸೋ ಸೀಳು ಸೀಳಿನ ತಟ್ಟೆ) ನಡುವಿನ ಗೆರೆ ಉಳಿದೆರಡರ ಸರಿಮಧ್ಯಕ್ಕೆ ಬರೋವರೆಗೂ ಫೋಕಸ್ ರಿಂಗನ್ನ ಉಗುರಲ್ಲಿ ತಳ್ಳೋದು, ಆಮೇಲೆ ರಿಂಗಿಗೆ ಟೇಪು. ಇಡೀ ರಾತ್ರಿಲಿ ನಂಗೆ ತುಂಬಾ ಇಷ್ಟದ ಹತ್ತು ನಿಮಿಷ ಅದು. ಧ್ರುವ ಕಾಣದಿದ್ದ ದಿನ ಲ್ಯಾಪ್‌ಟಾಪಲ್ಲಿ ನೀನಾ (N.I.N.A.) ಅನ್ನೋ ಆಕಾಶದ ಫೋಟೋ ಸಾಫ್ಟ್‌ವೇರ್ ಹಾಕಿ ಆಕಾಶದ ಮೂರು ಕಡೆ ಫೋಟೋ ತೆಗೆದು ಅಕ್ಷಾನ ಧ್ರುವಕ್ಕೆ ಅಲೈನ್ ಮಾಡೋ ಪ್ಲಗಿನ್ ಬಳಸ್ತೀನಿ, ಅದಕ್ಕೆ ಧ್ರುವ ಬೇಕಾಗೇ ಇಲ್ಲ.

ಈ ಟ್ರ್ಯಾಕರ್ ಮೇಲೆ ನನ್ನ ಮನಸ್ಸು ತಿರುಗಿದ್ದು ಏಪ್ರಿಲ್ ಅಮಾವಾಸ್ಯೆಗೆ. ಧ್ರುವ ಅಷ್ಟು ಕೆಳಗಿರೋದಕ್ಕೇ ದಕ್ಷಿಣದ ಆಕಾಶ ನಮಗೆ ಅಷ್ಟು ಮೇಲೆ ಬರುತ್ತೆ. ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿ ಹೊತ್ತಿಗೆ ಚಿತ್ತೆ ನಕ್ಷತ್ರ ದಕ್ಷಿಣಕ್ಕೆ ಎತ್ತರದಲ್ಲಿರುತ್ತೆ, ಅಲ್ಲಿಂದ ನೇರ ಕೆಳಗೆ 36 ಡಿಗ್ರಿ ಇಳಿದ್ರೆ ಒಮೆಗಾ ಸೆಂಟಾರಿ, ಸುಮಾರು 17,000 ಬೆಳಕಿನ ವರ್ಷ ದೂರದ ಗೋಳಗುಚ್ಛ, ಒಂದು ಕೋಟಿಯಷ್ಟು ನಕ್ಷತ್ರ. ಲಂಡನ್ನಿನೋರಿಗೆ ಇದು ಹುಟ್ಟೋದೇ ಇಲ್ಲ, ಎಡ್ಮಂಡ್ ಹ್ಯಾಲಿ 1677ರಲ್ಲಿ ಇದನ್ನ ನೋಡಿದ್ದು ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ. ನಮ್ ತೋಟದಲ್ಲಿ 29 ಡಿಗ್ರಿ ಎತ್ತರದಲ್ಲಿ ನಿಂತಿರುತ್ತೆ! ಅದಕ್ಕಿಂತ ನಾಲ್ಕೂವರೆ ಡಿಗ್ರಿ ಮೇಲೆ ಸೆಂಟಾರಸ್ ಎ ಗ್ಯಾಲಕ್ಸಿ, ಒಂದು ಕೋಟಿ ಬೆಳಕಿನ ವರ್ಷಕ್ಕೂ ಆಚೆ. ಎರಡೂ 135 ಎಂಎಂ ಲೆನ್ಸಿನ ಒಂದೇ ಫ್ರೇಮಲ್ಲಿ ಕೂರುತ್ತೆ. ಟ್ರ್ಯಾಕರ್ ಇಲ್ದೇ ಈ ಲೆನ್ಸಲ್ಲಿ ಎರಡು ಸೆಕೆಂಡ್ ದಾಟಿದ್ರೆ ಗೆರೆ ಬರುತ್ತೆ, ಈಗ 60 ಸೆಕೆಂಡಿನವು ಸಾಲಾಗಿ ತೆಗೆದು ಸಿರಿಲ್ ಅನ್ನೋ ಸಾಫ್ಟ್‌ವೇರಲ್ಲಿ ಸ್ಟ್ಯಾಕ್ ಮಾಡಿದ್ರೆ, ಅಂದ್ರೆ ಒಂದರ ಮೇಲೊಂದು ಸೇರಿಸಿದ್ರೆ, ಗ್ಯಾಲಕ್ಸಿ ನಡುವಿನ ಕಪ್ಪು ಪಟ್ಟಿ ತೆಳ್ಳಗೆ ಕಾಣುತ್ತೆ. ಚಿಕ್ಕಪ್ಪ ಸ್ಕ್ರೀನ್ ನೋಡಿ "ಈ ಚುಕ್ಕಿ ಅಷ್ಟೂ ನಕ್ಷತ್ರಾನೇನೋ?" ಅಂತ ಎರಡು ಸಲ ಕೇಳಿದ್ರು.

ಬೆಳಕಿನ ಕಾಟ ಇದೆ, ಸುಳ್ಳು ಹೇಳಲ್ಲ. ದಕ್ಷಿಣಕ್ಕೆ ಚಿಕ್ಕಬಳ್ಳಾಪುರ, ಅದರ ಹಿಂದೆ ಬೆಂಗಳೂರಿನ ಬೆಳಕು. ಜೊತೆಗೆ ತೋಟದಲ್ಲೇ ಸೇವಂತಿಗೆಗೆ ರಾತ್ರಿ ಬಲ್ಬು ಹಾಕ್ತಾರೆ, ಬೇಗ ಹೂವಿಗೆ ಬರದೇ ಗಿಡ ಚೆನ್ನಾಗಿ ಬೆಳೀಲಿ ಅಂತ. ಮೊಗ್ಗಿಗೆ ಬಿಡೋ ಟೈಮಲ್ಲಿ ಆರಿಸ್ತಾರೆ, ನಾನು ಚಿಕ್ಕಪ್ಪನ್ನ ಕೇಳ್ಕೊಂಡೇ ಆ ವಾರಗಳಿಗೆ ರಜ ಹಾಕ್ತೀನಿ.

ಬರೀ ವೈಡ್ ಲೆನ್ಸಲ್ಲಿ ಆಕಾಶಗಂಗೆ ತೆಗೆಯೋರಿಗೆ ಅಲೈನ್‌ಮೆಂಟ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ, ಕಣ್ಣು ಮುಚ್ಚಿ ತಗೊಳ್ಳಿ. 100 ಎಂಎಂ ಮೇಲಿನ ಲೆನ್ಸ್ ಇರೋರು ಪೈಪಿನ ಖರ್ಚು, ಗಟ್ಟಿ ಟ್ರೈಪಾಡಿನ ಖರ್ಚು ಸೇರಿಸ್ಕೊಂಡೇ ಬಜೆಟ್ ಮಾಡಿ. ಅಂಗಡೀಲಿ ತಗೊಳ್ಳೋ ಮುಂಚೆ ಎತ್ತರದ ಸ್ಕ್ರೂನ 13 ಡಿಗ್ರಿಗೆ ಇಳಿಸಿ, ಕ್ಯಾಮೆರಾ ತೂಕ ಹಾಕಿ, ಲಾಕ್ ಬಿಗಿ ಮಾಡಿ ತೋರಿಸಿ ಅಂತ ಕೇಳಿ. ಜರುಗಿದ್ರೆ ಆ ಪೀಸ್ ಬೇಡ.